ಮೊಳೆ ಹೊಡೆಯದ ಗೋಡೆಗಳು

ಕಳೆದ ಜೂನಿನ ಒಂದು ಬೆಳಿಗ್ಗೆ ಬೆಳಗಾವಿ ರೈಲು ನಿಲ್ದಾಣದಲ್ಲಿ ತಮ್ಮನಿಗಾಗಿ ಕಾಯುತ್ತಿದ್ದೆ. ರಾತ್ರಿಯೆಲ್ಲ ಹೊಡೆದ ಮಳೆ ಆಗಷ್ಟೇ ಹೊಳವಾಗಿತ್ತು. 2023ರಲ್ಲಿ ಉದ್ಘಾಟನೆಯಾದ ಹೊಸ ಕಟ್ಟಡದ ಮುಂದಿನ ಸೂರಿನ ಕೆಳಗೆ ಒಂದು ಸಂಸಾರ ಕೂತಿತ್ತು. ಐದು ಕಪ್ಪು ಪೆಟ್ಟಿಗೆ, ಹಗ್ಗ ಬಿಗಿದ ಎರಡು ಹಾಸಿಗೆ ಸುರುಳಿ, ಗೋಣಿಚೀಲದಲ್ಲಿ ಸುತ್ತಿದ ಒಂದು ಸೈಕಲ್ಲು. ಒಂದೊಂದು ಪೆಟ್ಟಿಗೆಯ ಮೇಲೂ ಬಿಳಿ ಬಣ್ಣದಲ್ಲಿ ನಂಬರು, ಹುದ್ದೆ, ಹೆಸರು. ದೊಡ್ಡ ಪೆಟ್ಟಿಗೆಯ ಮೇಲೆ ಒಬ್ಬ ತರುಣಿ, ಅವಳ ತೊಡೆಯ ಮೇಲೆ ನಿದ್ದೆ ಹೋದ ಹುಡುಗಿ. ಗಂಡ ಆಚೆ ನಿಂತು ಫೋನಿನಲ್ಲಿ ಗಾಡಿ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದ.

ಮಾತಾಡಿಸದೆ ಇರಲಾಗಲಿಲ್ಲ. ರಾಜಸ್ಥಾನದಿಂದ ಬಂದವರು. ಅವಳು ವಿಜಯಪುರ ಕಡೆಯವಳು, ಹಾಗಾಗಿ ಕನ್ನಡದಲ್ಲೇ ಮಾತಾಯಿತು. ಅವಳ ಕೈಚೀಲದ ಬಾಯಿಂದ ಒಂದು ಪಾಕೀಟು ಹೊರಗೆ ಇಣುಕುತ್ತಿತ್ತು. ಗೋಡೆಗೆ ಅಂಟಿಸುವ ಪ್ಲಾಸ್ಟಿಕ್ ಹುಕ್ಕುಗಳು, ಒಂದು ಡಜನ್ ಇರಬೇಕು. ನಾನು ಅದನ್ನೇ ನೋಡುತ್ತಿದ್ದದ್ದು ಅವಳಿಗೆ ಗೊತ್ತಾಯಿತು.

"ಮಳಿ ಹೊಡಿಯಾಂಗಿಲ್ಲಲ್ರೀ ಅಕ್ಕಾ. ಕ್ವಾರ್ಟರ್ಸ್ ಬಿಡೂ ಮುಂದ ತೂತು ಕಾಣಬಾರದು," ಎಂದಳು.

ನಲವತ್ತು ವರ್ಷಗಳ ಹಿಂದೆ ಅವ್ವ ಆಡುತ್ತಿದ್ದ ಮಾತು, ಹೆಚ್ಚುಕಡಿಮೆ ಅದೇ ಅಕ್ಷರಗಳಲ್ಲಿ.

ಅಪ್ಪ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದ. ಪಲ್ಟನ್ನಿನ ಹೆಸರು ಮರಾಠಾ ಎಂದಿದ್ದರೂ ಕನ್ನಡ ಮನೆಮಾತಿನ ಜವಾನರೂ ಅದರಲ್ಲಿ ಇದ್ದಾರೆ. ನಮ್ಮದು ಖಾನಾಪುರ ತಾಲ್ಲೂಕಿನ ಮೂಡಣ ಸೆರಗಿನ ಹಳ್ಳಿ. 1768ರಲ್ಲಿ ಮುಂಬೈಯಲ್ಲಿ ಹುಟ್ಟಿದ ಆ ರೆಜಿಮೆಂಟಿನ ತರಬೇತಿ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಅಪ್ಪ ರಂಗರೂಟನಾಗಿ ಅಲ್ಲಿಯೇ ಬೂಟು ಕಟ್ಟಿದವನು. ಆಮೇಲೆ ದೇಶವೆಲ್ಲ ಸುತ್ತಿ, ಹವಾಲ್ದಾರನಾಗಿ, 1982ರಲ್ಲಿ ಹೊಸ ಹುಡುಗರಿಗೆ ಕವಾಯತು ಕಲಿಸುವ ಉಸ್ತಾದನಾಗಿ ಅಲ್ಲಿಗೇ ಬಂದ. ನನಗೆ ಆಗ ಹತ್ತು ವರ್ಷ. ಸಿಕಂದರಾಬಾದು ಮಸುಕು ಮಸುಕು. ಝಾನ್ಸಿ ಚೆನ್ನಾಗಿ ನೆನಪಿತ್ತು. "ಈ ಸಲ ನಮ್ಮ ಊರಿಗೆ ಪೋಸ್ಟಿಂಗ್," ಎಂದು ಅವ್ವ ನೆರೆಯ ಹೆಂಗಸರಿಗೆಲ್ಲ ಹೇಳಿಕೊಂಡು ತಿರುಗಿದಳು. ಊರು ಮತ್ತು ಪೋಸ್ಟಿಂಗ್, ಈ ಎರಡು ಮಾತು ಒಂದೇ ಸಾಲಿನಲ್ಲಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕ್ವಾರ್ಟರ್ಸ್ ಬಿಡುವುದೆಂದರೆ ಪೆಟ್ಟಿಗೆ ತುಂಬಿ ಹೊರಡುವುದಲ್ಲ. ಬರುವಾಗ ಮಾರ್ಚಿಂಗ್ ಇನ್, ಹೋಗುವಾಗ ಮಾರ್ಚಿಂಗ್ ಔಟ್. ಖಾತೆಪುಸ್ತಕ ಹಿಡಿದು ಒಬ್ಬರು ಬರುತ್ತಾರೆ. ಬಲ್ಬು ಎಷ್ಟು, ಕಿಟಕಿಯ ಗಾಜು ಎಷ್ಟು, ಚಿಲಕ, ನಲ್ಲಿ, ಫ್ಯಾನು, ಬಾಡಿಗೆಗೆ ಕೊಟ್ಟ ಮಂಚ, ಅದರ ಕಾಲಿಗೆ ಬರೆದ ನಂಬರು, ಎಲ್ಲವನ್ನೂ ಬಂದ ದಿನದ ಪಟ್ಟಿಯೊಂದಿಗೆ ತಾಳೆ ನೋಡುತ್ತಾರೆ. ಕೊರತೆ ಬಿದ್ದದ್ದು ಸಂಬಳದಲ್ಲಿ ಮುರಿಯುತ್ತದೆ. ಸರ್ಕಾರದ ಸೊತ್ತು ಕಾಯಲು ಆ ಲೆಕ್ಕ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಅದಕ್ಕೆ ಮುಂಚಿನ ಮೂರು ರಾತ್ರಿ ಅವ್ವ ನಿದ್ದೆ ಮಾಡುತ್ತಿರಲಿಲ್ಲ.

ಗೋಡೆಯ ತೂತು ಮುಚ್ಚಲು ಅವಳದೊಂದು ಮದ್ದಿತ್ತು. ಬಿಳಿ ಸಾಬೂನಿನ ತುಣುಕನ್ನು ಚಾಕುವಿನಿಂದ ಸಣ್ಣಗೆ ಹೆರೆಯುವಳು. ಎಲೆ-ಅಡಿಕೆಯ ಸುಣ್ಣದ ಡಬ್ಬಿಯಿಂದ ಬೆರಳ ತುದಿಯಷ್ಟು ಸುಣ್ಣ ತೆಗೆದು ಅದಕ್ಕೆ ಸೇರಿಸಿ, ಎರಡು ಹನಿ ನೀರು ಬಿಟ್ಟು, ಅಂಗೈಯಲ್ಲೇ ನಾದುವಳು. ಕಡಲೆಕಾಳಿನಷ್ಟು ಉಂಡೆ ಮಾಡಿ ತೂತಿಗಿಟ್ಟು ಹೆಬ್ಬೆರಳಿನಿಂದ ಒತ್ತುವಳು. ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಗಂಟೆ ಬಿಟ್ಟು, ಕಂದೀಲು ಹಿಡಿದು ಗೋಡೆಯ ಬದಿಯಿಂದ ನೋಡುವಳು. ನೇರ ನೋಡಿದರೆ ಎಲ್ಲ ಸರಿ ಕಾಣುತ್ತದೆ. ಅಡ್ಡ ಬೆಳಕಿನಲ್ಲಿ ಮಾತ್ರ ಉಬ್ಬು-ತಗ್ಗು ಗೊತ್ತಾಗುವುದು. ಸುಣ್ಣ ತಿಂದು ಅವಳ ಬಲ ಹೆಬ್ಬೆರಳ ಚರ್ಮ ಸುಲಿದಿರುತ್ತಿತ್ತು. ಝಾನ್ಸಿ ಬಿಡುವಾಗ ಅಂಥ ತೂತುಗಳು ನಾಲ್ಕು, ನಾಲ್ಕೂ ನಮಗಿಂತ ಮೊದಲು ಇದ್ದವರದು. ಅವು ಬಂದ ದಿನದ ಪಟ್ಟಿಯಲ್ಲಿ ಬರೆದಿರಲಿಲ್ಲ, ಅಷ್ಟೇ. ಬೇರೆಯವರ ಮೊಳೆಗಳ ಗಾಯವನ್ನು ಅವ್ವ ತುಂಬಿದಳು.

ಪ್ರಯಾಣ ಮೂರು ದಿನದ್ದು. ಝಾನ್ಸಿಯಿಂದ ಪುಣೆಗೆ ಝೇಲಂ ಎಕ್ಸ್‌ಪ್ರೆಸ್, ಪುಣೆಯಿಂದ ಮಿರಜ್. ಮಿರಜ್‌ನಲ್ಲಿ ಬ್ರಾಡ್‌ಗೇಜ್ ಮುಗಿದು ಮೀಟರ್‌ಗೇಜ್ ಶುರುವಾಗುತ್ತಿತ್ತು. ಎಲ್ಲ ಸಾಮಾನು ಇಳಿಸಿ, ಹಮಾಲರ ತಲೆಯ ಮೇಲೆ ಹೊರಿಸಿ, ಇನ್ನೊಂದು ಫಲಾಟಿಗೆ ಸಾಗಿಸಬೇಕು. ಅಪ್ಪ ಮುಂದೆ, ಅವ್ವ ಹಿಂದೆ, ನಡುವೆ ತಮ್ಮ ಮತ್ತು ನಾನು ಪೆಟ್ಟಿಗೆ ಎಣಿಸುತ್ತ. ಎಣಿಸುವ ಕೆಲಸ ನನ್ನದೇ. ಇಂದಿಗೂ ಬಸ್ಸಿನಿಂದ ಇಳಿದ ಕೂಡಲೇ ಕೈಚೀಲ ಎಣಿಸುತ್ತೇನೆ. ಸಣ್ಣ ಗಾಡಿ ಕುಡಚಿಯ ಬಳಿ ಕೃಷ್ಣೆ ದಾಟಿತು. ಅವ್ವ ಕಿಟಕಿಯಿಂದ ನಾಲ್ಕಾಣೆ ಎಸೆದು ಕೈಮುಗಿದಳು. ಘಟಪ್ರಭಾ ದಾಟಿ ಗೋಕಾಕ ರೋಡ್ ಎಂಬ ನಿಲ್ದಾಣ ಬಂತು. ನಮ್ಮ ಡಬ್ಬಿಯಲ್ಲಿ ಕಾಲೇಜು ಹುಡುಗರು ಜೋರು ದನಿಯಲ್ಲಿ ಗೋಕಾಕ ವರದಿಯ ವಿಚಾರ ಮಾತಾಡುತ್ತಿದ್ದರು. ನನಗೆ ಅದು ಈ ಊರಿನದೇ ಏನೋ ತಂಟೆ ಎಂದೆನಿಸಿತು. ವಿ.ಕೃ. ಗೋಕಾಕರ ಸಮಿತಿ ಕೊಟ್ಟ ವರದಿ ಜಾರಿಯಾಗಬೇಕು, ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಸಿಗಬೇಕು ಎಂದು ಇಡೀ ರಾಜ್ಯ ಎದ್ದು ನಿಂತ ವರ್ಷ ಅದು. ರಾಜಕುಮಾರ್ ಊರೂರಿಗೆ ಹೋಗಿ ಮಾತಾಡಿದ ವರ್ಷ. ಆ ವರ್ಷದ ಜೂನಿನಲ್ಲಿ, ಕನ್ನಡದ ಒಂದಕ್ಷರ ಓದಲು ಬಾರದ ಕನ್ನಡದ ಹುಡುಗಿ ಬೆಳಗಾವಿಯಲ್ಲಿ ಇಳಿದಳು.

ಸ್ಟೇಷನ್ನಿಗೆ ಶಕ್ತಿಮಾನ್ ಟ್ರಕ್ಕು ಬಂದಿತ್ತು. ಮಳೆಯಲ್ಲಿ ತಾಡಪತ್ರಿಯ ಕೆಳಗೆ ಪೆಟ್ಟಿಗೆಗಳ ಸಂದಿಯಲ್ಲಿ ಕೂತು ಕ್ಯಾಂಪಿನ ಹಾದಿ ಹಿಡಿದೆವು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಫರಸಿ ಹಾಸಿದ ಸಣ್ಣ ಅಂಗಳ. ಗೋಡೆಗೆ ಹೊಸ ಸುಣ್ಣದ ವಾಸನೆ. ಒಳಗೆ ಕಾಲಿಟ್ಟು ಹತ್ತು ನಿಮಿಷವಾಗಿರಲಿಲ್ಲ, ಪಕ್ಕದ ಮನೆಯಾಕೆ ಒಂದು ಕೊಡ ನೀರು ತಂದಿಟ್ಟಳು. ರಾತ್ರಿ ರೊಟ್ಟಿ, ಝುಣಕ, ಹಸಿಮೆಣಸಿನಕಾಯಿ ಖಾರ ಬಂತು. ಬಂದ ದಿನ ಹೊಸ ಮನೆಯವರು ಒಲೆ ಹಚ್ಚಬಾರದು ಎಂಬುದು ಲೈನಿನ ಹೆಂಗಸರು ತಾವೇ ಮಾಡಿಕೊಂಡ ಕಟ್ಟಳೆ; ಯಾವ ಆರ್ಡರಿನಲ್ಲೂ ಬರೆದದ್ದಲ್ಲ. ಪಕ್ಕದ ಮನೆಯಾಕೆ ಸಾತಾರಾ ಕಡೆಯವಳು. ಅವ್ವ ಅವಳನ್ನು "ವಹಿನಿ" ಎಂದಳು, ಅವಳು ಅವ್ವನನ್ನು "ತಾಯಿ" ಎಂದಳು. ಹೊರಗೆ ಪೇಟೆಯಲ್ಲಿ ಅಂಗಡಿಯ ಬೋರ್ಡು ಯಾವ ಭಾಷೆಯಲ್ಲಿರಬೇಕೆಂದು ಜಗಳ ನಡೆಯುತ್ತಿದ್ದ ದಿನಗಳು. ನಮ್ಮ ಲೈನಿನಲ್ಲಿ ಕನ್ನಡ-ಮರಾಠಿ ಎರಡೂ ಒಂದೇ ನಲ್ಲಿಯ ಮುಂದೆ ಸರತಿಯಲ್ಲಿ ನಿಲ್ಲುತ್ತಿದ್ದವು.

ಶಾಲೆಯ ಕತೆ ಬೇರೆ. ಅಲ್ಲಿಯವರೆಗೆ ನಾನು ಓದಿದ್ದು ಕೇಂದ್ರೀಯ ವಿದ್ಯಾಲಯದಲ್ಲಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಬೆಳಗಾವಿಯಲ್ಲೂ ಅಲ್ಲಿಗೇ ಹಾಕಬಹುದಿತ್ತು. ಅಪ್ಪ ಒಪ್ಪಲಿಲ್ಲ. "ನಮ್ಮ ನೆಲಕ್ಕ ಬಂದೇವಿ, ನಮ್ಮ ಭಾಷಾ ಕಲೀಲಿ," ಎಂದು ಕನ್ನಡ ಶಾಲೆಗೆ ಕರೆದುಕೊಂಡು ಹೋದ. ಅಲ್ಲಿ ನನ್ನ ಕೈಗೆ ಪುಸ್ತಕ ಕೊಟ್ಟು ಓದು ಎಂದರು. ನಾನು ಸುಮ್ಮನೆ ನಿಂತೆ. ಐದನೆಯ ಇಯತ್ತೆಗೆ ಹೋಗಬೇಕಾದವಳನ್ನು ಮೂರಕ್ಕೆ ಕೂರಿಸಿದರು. ನನಗಿಂತ ಗೇಣುದ್ದ ಗಿಡ್ಡ ಮಕ್ಕಳ ನಡುವೆ ಹಿಂದಿನ ಸಾಲಿನಲ್ಲಿ ಕೂತೆ. ಮಾತು ಕನ್ನಡವೇ ಬರುತ್ತಿತ್ತು, ಅವ್ವನ ಬಾಯಿಂದ ಕಲಿತದ್ದು. ಆದರೆ ನಡುನಡುವೆ ಹಿಂದಿ ನುಸುಳುತ್ತಿತ್ತು. ಮಕ್ಕಳು ನಕ್ಕರೆ ಸಹಿಸಬಹುದಿತ್ತು, ಕಲಿಸುವವರೂ ನಕ್ಕರು. ಆ ನಗುವನ್ನು ನಾನು ಮರೆತಿಲ್ಲ, ಮರೆಯಬೇಕೆಂದೂ ಅನಿಸಿಲ್ಲ. ಮುಂದೆ ನಾನೇ ಶಿಕ್ಷಕಿಯಾಗಿ ಇಪ್ಪತ್ತೆಂಟು ವರ್ಷ ಪಾಠ ಮಾಡಿದೆ. ವರ್ಷದ ನಡುವೆ ಬಂದು ಸೇರಿದ ಮಗುವನ್ನು ನಿಂತು ಓದು ಎಂದು ಒಂದು ದಿನವೂ ಹೇಳಲಿಲ್ಲ.

ಅಕ್ಷರಮಾಲೆಯ ಪಟವೊಂದನ್ನು ಪೇಟೆಯಿಂದ ಅಪ್ಪನೇ ತಂದುಕೊಟ್ಟ. ಅ ಅಂದರೆ ಅಗಸ, ಆ ಅಂದರೆ ಆನೆ. ಅದನ್ನು ನನ್ನ ಮಂಚದ ಪಕ್ಕ ತೂಗುಹಾಕುವ ಆಸೆ. ಮಧ್ಯಾಹ್ನ ಅವ್ವ ರೇಷನ್ ತರಲು ಹೋದಾಗ ಬೀಸುಕಲ್ಲಿನ ಗೂಟದಿಂದ ಎರಡಿಂಚಿನ ಮೊಳೆ ಹೊಡೆದೆ. ಅವ್ವ ಬಂದು ನೋಡಿದಳು. ಮಾತಿಲ್ಲದೆ ಕೆನ್ನೆಗೊಂದು ಕೊಟ್ಟಳು. ಅವಳು ನನ್ನ ಮೇಲೆ ಕೈ ಮಾಡಿದ್ದು ಅದೊಂದೇ ಸಲ.

"ಇದು ನಮ್ಮ ಗ್ವಾಡಿ ಅಲ್ಲವ್ವಾ. ಎಷ್ಟ್ ಸಲ ಹೇಳ್ಲಿ?"

ಮೊಳೆ ಕಿತ್ತಳು. ಸಾಬೂನು, ಸುಣ್ಣ, ಕಂದೀಲು ಎಲ್ಲ ಆಯಿತು. ಆಮೇಲೆ ಕೂತು ಅತ್ತಳು. ಪಟವನ್ನು ಮಡಚಿ ಹಾಸಿಗೆಯ ಕೆಳಗಿಟ್ಟಳು.

ಮರುದಿನ ನಸುಕಿನಲ್ಲಿ ಎಬ್ಬಿಸಿ ಹಿಂದಿನ ಅಂಗಳಕ್ಕೆ ಕರೆದೊಯ್ದಳು. ಫರಸಿಯ ಮೇಲೆ ಸುಣ್ಣದ ಕಡ್ಡಿಯಿಂದ ದೊಡ್ಡದಾಗಿ ಒಂದು 'ಅ' ಬರೆದಿದ್ದಳು. ಅವಳು ಕಲಿತದ್ದು ನಾಲ್ಕನೆಯ ಇಯತ್ತೆ. ಶಾಲೆ ಬಿಟ್ಟದ್ದು 1956ರಲ್ಲಿ. ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದದ್ದೂ ಅದೇ ವರ್ಷ. ಅವಳಿದ್ದ ಊರು ಇದ್ದಲ್ಲೇ ಇದ್ದು ಬೇರೆ ರಾಜ್ಯಕ್ಕೆ ವರ್ಗವಾಗಿತ್ತು. ದಿನಕ್ಕೆ ಮೂರು ಅಕ್ಷರ. ಬೆರಳಿನಿಂದ ಅದರ ಮೇಲೇ ತಿದ್ದಬೇಕು. ರಂಗರೂಟರು ಬೆಳಗಿನ ಓಟಕ್ಕೆ ಹೊರಡುವ ಬೂಟಿನ ಸದ್ದು, ಅವರ ಹಿಂದೆ ಅಪ್ಪನ ಗದರಿಕೆ ಗೋಡೆಯಾಚೆ ಕೇಳುತ್ತಿತ್ತು. ಸಂಜೆ ನೀರು ಸುರಿದು ಅಂಗಳ ತೊಳೆದರೆ ಅಕ್ಷರ ಹೋಯಿತು. ನಾಳೆಗೆ ಬೇರೆ ಅಕ್ಷರ. ಮಳೆ ಬಂದ ದಿನ ಅಡುಗೆಮನೆಯ ನೆಲವೇ ಪಾಟಿ. ಒತ್ತಕ್ಷರಕ್ಕೆ ಬರುವ ಹೊತ್ತಿಗೆ ಶ್ರಾವಣ ಮುಗಿದಿತ್ತು.

ದಸರೆಯ ರಜೆಗೆ ಅಜ್ಜಿಯನ್ನು ನೋಡಲು ಹೊರಟೆವು. ಬೆಳಗಾವಿಯಿಂದ ಪ್ಯಾಸೆಂಜರ್ ಗಾಡಿ. ದೇಸೂರು, ಇದ್ದಲಹೊಂಡ, ಆಮೇಲೆ ಭತ್ತದ ಹಸಿರು ಗದ್ದೆಗಳ ನಡುವೆ ಗಾಡಿ ನಿಧಾನವಾಯಿತು. ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರ. ದೇವನಾಗರಿಯ ಸಾಲಿನ ಕಡೆ ಕಣ್ಣು ಹೋಗದ ಹಾಗೆ ಬಿಗಿ ಹಿಡಿದು ಓದಿದೆ: ಖಾ, ನಾ, ಪು, ರ. ಜೋರಾಗಿಯೇ ಓದಿದೆನೆಂದು ಕಾಣುತ್ತದೆ, ಎದುರಿನ ಸೀಟಿನ ಮುದುಕ ಭಲೇ ಎಂದ. ಅವ್ವ ನನ್ನನ್ನು ನೋಡಲಿಲ್ಲ, ಕಿಟಕಿಯ ಹೊರಗೆ ಮುಖ ಮಾಡಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವ್ವನ ತವರು ನಂದಗಡದ ಹತ್ತಿರ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಆ ರಜೆಯಲ್ಲಿ ಅವನ ಸಮಾಧಿಗೆ ಕರೆದೊಯ್ದು, ಅಲ್ಲಿದ್ದ ಆಲದ ಮರದ ಕೆಳಗೆ ನಿಲ್ಲಿಸಿ, ಗೋಡೆಯ ಮೇಲಿನ ಬರಹ ಓದಿಸಿದಳು.

ಬೆಳಗಾವಿಗೆ ಹಿಂದಿರುಗಿದ ಮೇಲೆ ಭಾನುವಾರಗಳಂದು ಅಪ್ಪ ನಮ್ಮನ್ನು ಕೋಟೆಗೆ ಕರೆದೊಯ್ಯುತ್ತಿದ್ದ. ಕೋಟೆ ಕೆರೆ ಬಳಸಿ, ಬಾಗಿಲಲ್ಲಿರುವ ದುರ್ಗೆಗೆ ಕೈಮುಗಿದು, ಕಂದಕ ದಾಟಿ ಒಳಗೆ. 1204ರ ಕಮಲ ಬಸದಿಯ ನಡುಮಂಟಪದಲ್ಲಿ ಮಲಗಿ ತಲೆಯ ಮೇಲೆ ತೂಗುವ ಕಲ್ಲಿನ ಕಮಲವನ್ನು ನೋಡುವುದು ನನಗೂ ತಮ್ಮನಿಗೂ ಆಟ. ತಣ್ಣನೆಯ ಆ ಕಲ್ಲುನೆಲ ಈಗಲೂ ಬೆನ್ನಿಗೆ ತಾಗಿದ ಹಾಗಾಗುತ್ತದೆ. ಬಸದಿಯ ವರ್ಷದ್ದೇ ಆದ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ ಎರಡು ಕನ್ನಡ ಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ ಎಂದು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದೆ. ಊರಲ್ಲೇ ಕೆತ್ತಿದ ಕಲ್ಲುಗಳಿಗೂ ಊರು ಬಿಡುವುದು ತಪ್ಪಲಿಲ್ಲವೆಂದು ಮನಸ್ಸಿಗೆ ಕಸಿವಿಸಿಯಾಯಿತು.

ಅಪ್ಪ ಬೆಳಗಾವಿ ಪೋಸ್ಟಿಂಗ್ ಕೇಳಿ ಪಡೆದದ್ದು ಅಜ್ಜಿಗಾಗಿ. ವಯಸ್ಸಾದ ತಾಯಿಯ ಹತ್ತಿರ ಇರಬೇಕೆಂದು ಅರ್ಜಿಯಲ್ಲಿ ಬರೆದಿದ್ದ. ಆದರೆ ಮೂರು ವರ್ಷದಲ್ಲಿ ಅವನು ಹಳ್ಳಿಗೆ ಹೋದದ್ದು ಏಳೆಂಟು ಸಲ ಇರಬೇಕು. ಹೋದರೂ ಎರಡನೆಯ ದಿನಕ್ಕೆ ಚಡಪಡಿಕೆ. ನಸುಕಿನ ನಾಲ್ಕೂವರೆಗೆ ಎದ್ದು ಅಂಗಳ ಗುಡಿಸುವನು, ಹಗ್ಗದ ಮೇಲೆ ಬಟ್ಟೆ ಸೊಟ್ಟಗೆ ಒಣಗಿಸಿದ್ದರೆ ಸರಿಮಾಡುವನು. ಮನೆಯವರಿಗೆ ಕಿರಿಕಿರಿ. ಹೊಲದ ಮಾತು ಬಂದಾಗ ಬಳಗದ ಹಿರಿಯರೊಬ್ಬರು "ನೀ ಎಲ್ಲಿ ಇಲ್ಲಿ ಇರಾಂವ?" ಎಂದರು. ಅಪ್ಪ ಉತ್ತರ ಕೊಡಲಿಲ್ಲ. ಊರಿಗೆ ಬೇಕಾದ ಮಗನಾಗಿ ಅವನು ಉಳಿದಿರಲಿಲ್ಲ, ಬರೀ ಮನಿಯಾರ್ಡರ್ ಕಳಿಸುವ ಮಗನಾಗಿದ್ದ. ಇದನ್ನು ಆಗ ನಾನು ಅಪ್ಪನ ಕಲ್ಲುಮನಸ್ಸು ಎಂದುಕೊಂಡಿದ್ದೆ. ಹದಿನೇಳನೆಯ ವಯಸ್ಸಿಗೆ ಮನೆ ಬಿಟ್ಟು ಬ್ಯಾರಕ್ಕಿನಲ್ಲಿ ಬೆಳೆದವನಿಗೆ ಬೇರೆ ಮನೆ ಗೊತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಅವನು ತೀರಿಕೊಂಡ ಮೇಲೆ.

1985ರಲ್ಲಿ ಮತ್ತೆ ಪೆಟ್ಟಿಗೆಗಳಿಗೆ ಕಪ್ಪು ಬಣ್ಣ ಬಿತ್ತು. ಅಪ್ಪ ಫೀಲ್ಡಿಗೆ ಹೋದ. ವಿಳಾಸ 56 ಎ.ಪಿ.ಓ. ಅಂದರೆ ಎಲ್ಲಿ ಎಂದು ಯಾರೂ ಹೇಳುವಂತಿರಲಿಲ್ಲ. ತಮ್ಮ ಭೂಪಟದಲ್ಲಿ ಆ ಊರನ್ನು ಹುಡುಕಿ ಸೋತ. ಅಜ್ಜಿ ತೀರಿಕೊಂಡ ಸುದ್ದಿ ಅಪ್ಪನಿಗೆ ಮುಟ್ಟುವಷ್ಟರಲ್ಲಿ ಇಲ್ಲಿ ದಿನಕರ್ಮ ಮುಗಿದಿತ್ತು. ಯಾವ ಮಗನಿಗಾಗಿ ಅವಳು ಹೊಸ್ತಿಲ ಮೇಲೆ ಕೂತಿರುತ್ತಿದ್ದಳೋ ಆ ಮಗ ಆರು ವಾರ ಕಳೆದು ಬಂದ.

ಸೈನ್ಯದ ಮಕ್ಕಳಿಗೆ ಇಡೀ ದೇಶವೇ ಊರು ಎಂದು ಸಭೆಗಳಲ್ಲಿ ನಾನೇ ಹೇಳಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಅದು ಸುಳ್ಳಲ್ಲ. ನಾಲ್ಕು ಭಾಷೆ ಬಂದವು, ಯಾರ ಮನೆಯಲ್ಲಿ ಏನು ಬಡಿಸಿದರೂ ಉಂಡು ಎದ್ದೆವು, ಜಾತಿ ಕೇಳದೆ ನೀರು ಕುಡಿದೆವು. ಆದರೆ ಹೇಳದೆ ಬಿಟ್ಟದ್ದೂ ಇದೆ. ಝಾನ್ಸಿಯಲ್ಲಿ ಎರಡು ವರ್ಷ ನನ್ನ ಪಕ್ಕ ಕೂತ ಗೆಳತಿಯ ಹೆಸರು ನೆನಪಿಲ್ಲ. ಅವಳ ಎಡಗೈಯ ಹಸಿರು ಬಳೆ ಮಾತ್ರ ನೆನಪಿದೆ. ಎರಡೆರಡು ವರ್ಷಕ್ಕೆ ಗೆಳೆತನ ಕಿತ್ತು ಕಿತ್ತು, ಆಮೇಲೆ ಬೇರು ಬಿಡುವ ಮುಂಚೆಯೇ ನಾನು ಹಿಂದೆ ಸರಿಯುವವಳಾದೆ. ತಮ್ಮ ಎಂಟು ಶಾಲೆ ಬದಲಿಸಿ ಹತ್ತನೆಯ ತರಗತಿಯಲ್ಲಿ ಎರಡು ಸಲ ಬಿದ್ದ. ಇದರ ಲೆಕ್ಕ ಯಾವ ಪಟ್ಟಿಯಲ್ಲೂ ಬರಲಿಲ್ಲ.

ಅವ್ವನ ಲೆಕ್ಕವಂತೂ ಯಾರೂ ಬರೆಯಲೇ ಇಲ್ಲ. ಇಪ್ಪತ್ತು ವರ್ಷದಲ್ಲಿ ಒಂಬತ್ತು ಮನೆ ಹೂಡಿದಳು. ಕ್ಯಾಂಟೀನ್ ಕಾರ್ಡಿನಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ ಅವಳು ಅಪ್ಪನ ನಂಬರಿನ ಹಿಂದೆ ಬರುವ 'ಹೆಂಡತಿ'. ಅಪ್ಪ ನಾಯಬ್ ಸುಬೇದಾರನಾದಾಗ ಭುಜದ ಮೇಲೆ ನಕ್ಷತ್ರ ಬಂತು, ಅವಳಿಗೆ ಒಂದು ಪೆಟ್ಟಿಗೆ ಹೆಚ್ಚು ಬಂತು. ಹರೆಯದಲ್ಲಿ ಅವಳ ಈ ವಿಧೇಯತೆ ಕಂಡು ನನಗೆ ಸಿಟ್ಟು ಬರುತ್ತಿತ್ತು. ಒಂದು ಮೊಳೆಗೆ ಹೆದರುವ ಹೆಂಗಸು ಎಂದು ಮುಖದ ಮೇಲೇ ಅಂದಿದ್ದೆ. ಅದು ಹೆದರಿಕೆಯಷ್ಟೇ ಆಗಿರಲಿಲ್ಲ. ನಮ್ಮ ಮನೆಯ ಸಂಬಳದಲ್ಲಿ ಹದಿನೈದು ರೂಪಾಯಿ ಮುರಿದರೆ ಏನಾಗುತ್ತದೆಂದು ಅವಳೊಬ್ಬಳಿಗೇ ಗೊತ್ತಿತ್ತು. ಮುಂದೆ ಬರುವ ಹೆಂಗಸಿಗೆ ತನ್ನ ತೂತು ತುಂಬುವ ಕೆಲಸ ಬಿಡಬಾರದೆಂದೂ ಇತ್ತು. ಅಂದ ಮಾತನ್ನು ಹಿಂದೆ ತೆಗೆದುಕೊಳ್ಳಲು ನನಗೆ ಮೂವತ್ತು ವರ್ಷ ಬೇಕಾಯಿತು.

ಈಗ ಕಾಲ ಬೇರೆ. ಮಿರಜ್‌ನಲ್ಲಿ ಗಾಡಿ ಬದಲಿಸುವ ಪಾಡಿಲ್ಲ, 1990ರ ದಶಕದಲ್ಲೇ ಹಳಿ ಅಗಲವಾಯಿತು. ಊರಿನ ಹೆಸರು 2014ರಲ್ಲಿ ಅಧಿಕೃತವಾಗಿ ಬೆಳಗಾವಿ ಆಯಿತು. ಗಡಿಯಲ್ಲಿರುವ ಗಂಡನ ಮುಖ ಫೋನಿನಲ್ಲಿ ಕಾಣುತ್ತದೆ. 2022ರಿಂದ ಹುಡುಗರು ಅಗ್ನಿವೀರರಾಗಿ ನಾಲ್ಕು ವರ್ಷಕ್ಕೆ ಸೇರುತ್ತಾರೆ, ಮುಂದೆ ಉಳಿಯುವವರು ನಾಲ್ವರಲ್ಲಿ ಒಬ್ಬರಷ್ಟೇ. ಮಿಕ್ಕ ಮೂವರಿಗೆ ಕ್ವಾರ್ಟರ್ಸೂ ಇಲ್ಲ, ಪೆಟ್ಟಿಗೆ ಹೊತ್ತು ಹಿಂದೆ ನಡೆಯುವ ಸಂಸಾರವೂ ಇಲ್ಲ. ಅದು ಸುಖವೋ ಕಷ್ಟವೋ ಅವರೇ ಹೇಳಬೇಕು. ನನ್ನ ಮಟ್ಟಿಗೆ, ಪಿಂಚಣಿ ಇಲ್ಲದೆ ಅಪ್ಪ ಖಾನಾಪುರದಲ್ಲಿ ಮನೆ ಕಟ್ಟುವುದು ಸಾಧ್ಯವಿರಲಿಲ್ಲ.

ಆ ಮನೆ 1992ರದು. ಮಲಪ್ರಭೆಗೆ ನಡೆದು ಹೋಗುವಷ್ಟು ಹತ್ತಿರ, ಖಾನಾಪುರದ್ದೇ ಇಟ್ಟಿಗೆ, ಖಾನಾಪುರದ್ದೇ ಹೆಂಚು. ಅವ್ವನಿಗೆ ಈಗ ಎಪ್ಪತ್ತೊಂಬತ್ತು. ಕ್ಯಾಲೆಂಡರು ಕಿಟಕಿಯ ಸರಳಿಗೆ, ಕನ್ನಡಿ ಗೂಡಿನಲ್ಲಿ. 2011ರಲ್ಲಿ ಅಪ್ಪ ಹೋದಾಗ ತಮ್ಮ ಫೋಟೊಕ್ಕೆ ಕಟ್ಟು ಹಾಕಿಸಿ ತಂದು, ಸುತ್ತಿಗೆ ಹಿಡಿದು ನಿಂತ. "ಬ್ಯಾಡೋ, ಗ್ವಾಡಿ ಕೆಡತೈತಿ," ಎಂದಳು. "ನಿನ್ನ ಮನೀನ ಐತಿ ಅವ್ವಾ," ಎಂದ ಅವನು. ಅವಳು ಕೇಳಲಿಲ್ಲ. ಫೋಟೊ ಕಪಾಟಿನ ಮೇಲೆ ಗೋಡೆಗೆ ಒರಗಿ ನಿಂತಿದೆ.

ಸ್ಟೇಷನ್ನಿನಲ್ಲಿ ತಮ್ಮ ಇಳಿದ ಮೇಲೆ ಇಬ್ಬರೂ ಖಾನಾಪುರಕ್ಕೆ ಹೋದೆವು. ಉಣ್ಣುವಾಗ ಆ ಸಂಸಾರದ ವಿಷಯ ತೆಗೆದೆ. ಪೆಟ್ಟಿಗೆ, ಸೈಕಲ್ಲು, ಅಂಟಿಸುವ ಹುಕ್ಕಿನ ಪಾಕೀಟು ಎಲ್ಲ ಹೇಳಿದೆ. ಹುಕ್ಕಿನ ಬಗ್ಗೆ ಅವ್ವ ಏನೂ ಕೇಳಲಿಲ್ಲ. "ಅವರಿಗೆ ಚಾ ಕುಡಿಸಿದೇನ?" ಎಂದಳು.

ಕುಡಿಸಿರಲಿಲ್ಲ. ಹೊಳೆದಿರಲೇ ಇಲ್ಲ. ಬೆಳಗಾವಿಯವರು ಇದನ್ನು ಓದುತ್ತಿದ್ದರೆ ನನ್ನದೊಂದು ಬೇಡಿಕೆ: ಮಳೆಗಾಲದ ಶುರುವಿನಲ್ಲಿ ಸ್ಟೇಷನ್ನಿನ ಹೊರಗೆ ಕಪ್ಪು ಪೆಟ್ಟಿಗೆಗಳ ಮೇಲೆ ಕೂತು ಗಾಡಿಗೆ ಕಾಯುವವರು ಕಂಡರೆ, ಎಲ್ಲಿಂದ ಬಂದಿರಿ ಎಂದು ಆಮೇಲೆ ಕೇಳಿ, ಮೊದಲು ಚಹಾ ತರಿಸಿ.